ಏಳು ದಿನದ ಮಿತಿ ಹಾಕಿದರೂ ಅಳಿಯದ ಬ್ಯಾಕಪ್‌ಗಳು: ನನ್ನ ಅನುಭವ

ಮಡಿಕೇರಿಯ ನಮ್ಮ ಹೋಂಸ್ಟೇ ಜಾಲತಾಣದ ಸರ್ವರ್‌ನಲ್ಲಿ ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶದ ಮೂಲಕ ಪ್ರತಿರಾತ್ರಿ ಬ್ಯಾಕಪ್ ಆಗುತ್ತಿದ್ದು, ಕೀಪ್-ಡೈಲಿ 7 (ದಿನಕ್ಕೊಂದರಂತೆ ಇತ್ತೀಚಿನ ಏಳು ದಿನಗಳ ಪ್ರತಿ ಮಾತ್ರ ಉಳಿಸು) ಎಂದು ಹೊಂದಿಸಿದ್ದರೂ ಹಳೆಯ ಒಂದು ಪ್ರತಿಯೂ ಅಳಿಯದೆ ಡಿಸ್ಕ್ ತುಂಬುತ್ತಿತ್ತು. ಸಂಖ್ಯೆಯನ್ನು 3ಕ್ಕೆ ಇಳಿಸಿದರೂ, ಪ್ರೂನ್ (ಬೇಡವಾದ ದತ್ತಾಂಶವನ್ನು ಡಿಸ್ಕ್‌ನಿಂದ ಅಳಿಸುವ ಆಯ್ಕೆ) ಸೇರಿಸಿದರೂ ಫಲ ಸಿಗಲಿಲ್ಲ.

ಕಾರಣ ಇದು: ಹಳೆಯ ಪ್ರತಿಗಳನ್ನು ಕೈಬಿಡುವ ಫರ್ಗೆಟ್ ಆದೇಶವು ಸ್ನ್ಯಾಪ್‌ಶಾಟ್‌ಗಳನ್ನು (ಪ್ರತಿ ಬಾರಿಯ ಬ್ಯಾಕಪ್ ಪ್ರತಿಗಳನ್ನು) ಹೋಸ್ಟ್, ಅಂದರೆ ಯಂತ್ರದ ಹೆಸರು ಮತ್ತು ಫೋಲ್ಡರ್ ಮಾರ್ಗದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೂ ಪ್ರತ್ಯೇಕವಾಗಿ ಮಿತಿಯನ್ನು ಅನ್ವಯಿಸುತ್ತದೆ. ನನ್ನ ಸ್ಕ್ರಿಪ್ಟ್ ಡೇಟಾಬೇಸಿನ ಪ್ರತಿಯನ್ನು ಆಯಾ ದಿನಾಂಕದ ಹೆಸರಿನ ಫೋಲ್ಡರ್‌ನಲ್ಲಿ ಇಡುತ್ತಿದ್ದುದರಿಂದ, ದಿನವೂ ಒಂದೇ ಪ್ರತಿಯಿರುವ ಹೊಸ ಗುಂಪು ಹುಟ್ಟುತ್ತಿತ್ತು. ಅಂಥ ಗುಂಪು ಏಳರ ಮಿತಿಯನ್ನು ಎಂದೂ ಮೀರುವುದಿಲ್ಲ.

ಮೊದಲು ಫೋಲ್ಡರ್ ಹೆಸರನ್ನು ಸ್ಥಿರಗೊಳಿಸಿದೆ. ಬಳಿಕ ಫರ್ಗೆಟ್‌ಗೆ ಗ್ರೂಪ್-ಬೈ ಹೋಸ್ಟ್ (ಹೋಸ್ಟ್ ಹೆಸರಿನಿಂದ ಮಾತ್ರ ಗುಂಪು ಮಾಡು), ಕೀಪ್-ಡೈಲಿ 7, ಕೀಪ್-ವೀಕ್ಲಿ 4 (ವಾರಕ್ಕೊಂದರಂತೆ ನಾಲ್ಕು ವಾರಗಳ ಪ್ರತಿ ಉಳಿಸು) ಕೊಟ್ಟು, ಏನನ್ನೂ ಅಳಿಸದೆ ಫಲಿತಾಂಶವನ್ನಷ್ಟೇ ತೋರಿಸುವ ಡ್ರೈ-ರನ್‌ನಲ್ಲಿ ಉಳಿಯುವ ಪ್ರತಿಗಳ ಪಟ್ಟಿಯನ್ನು ಓದಿ ನೋಡಿ, ಆಮೇಲಷ್ಟೇ ಪ್ರೂನ್ ಸಹಿತ ನಡೆಸಿದೆ. ಈ ಪರೀಕ್ಷೆಯನ್ನು ಖಂಡಿತ ಬಿಡಬಾರದು, ಏಕೆಂದರೆ ಪ್ರೂನ್ ಅಳಿಸಿದ ದತ್ತಾಂಶ ಮರಳಿ ಸಿಗುವುದಿಲ್ಲ.