ಗ್ಲಾಕೋಮಾ ಇದ್ದರೂ ಸಾಲು ತಪ್ಪದೆ ಓದುವುದು

30 ವರ್ಷ ಪ್ರೆಸ್‌ನಲ್ಲಿ ಕರಡು ತಿದ್ದಿದವನು ನಾನು. ಗ್ಲಾಕೋಮಾ ಬಂದ ಮೇಲೆ ಅಕ್ಷರ ಕಾಣುತ್ತಿತ್ತು, ಸಾಲು ಸಿಗುತ್ತಿರಲಿಲ್ಲ. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಕನ್ನಡಕ ಬದಲಿಸಿದೆ, ಏನೂ ಆಗಲಿಲ್ಲ. ಆಗುವುದೂ ಇಲ್ಲ. ಕಣ್ಣಿನ ನರ ಹಾಳಾಗಿ ನೋಟದ ಒಂದು ತುಂಡು ಹೋಗಿರುತ್ತದೆ, ಅದು ವಾಪಸ್ ಬರಲ್ಲ. ಉಳಿದ ನೋಟದಲ್ಲಿ ಓದೋದನ್ನು ಕಲಿಯಬೇಕು, ಅಷ್ಟೇ.

ಮೊದಲು ಒಂದು ಕಾರ್ಡು ಮಾಡಿಕೊಳ್ಳಿ. ಮೊಮ್ಮಗಳ ಪ್ರಾಜೆಕ್ಟಿಗೆ ತಂದು ಉಳಿದಿದ್ದ ಕಪ್ಪು ಚಾರ್ಟ್ ಪೇಪರ್ ನನಗೆ ಸಾಕಾಯಿತು. ಹೊಳೆಯುವ ಕಾಗದ ಬೇಡ, ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ನಡುವೆ ಒಂದೇ ಸಾಲು ಕಾಣುವಂತೆ ಬ್ಲೇಡಿನಿಂದ ಉದ್ದ ಕಿಂಡಿ ಕತ್ತರಿಸಿ. ನಾನು ಮೊದಲ ಸಲ ತೀರಾ ಸಣ್ಣದು ಮಾಡಿಬಿಟ್ಟೆ. 'ಅಕ್ಕ' ಹೋಗಿ 'ಅಕ' ಆಯ್ತು! ಒತ್ತಕ್ಷರ ಕಾರ್ಡಿನ ಅಡಿಗೆ ಸೇರಿಕೊಂಡಿತ್ತು. ಕರಡು ತಿದ್ದುವವನಿಗೇ ಹೀಗಾದರೆ ಹೇಗೆ ಹೇಳಿ. ಅದಕ್ಕೇ ಕಾರ್ಡನ್ನು ಪುಸ್ತಕದ ಪಕ್ಕ ಇಟ್ಟು, ಮೇಲಿನ ಗುಡಿಸು, ಕೆಳಗಿನ ಒತ್ತು ಎರಡೂ ಸೇರುವಷ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಆಮೇಲೆ ಕತ್ತರಿಸಿ.

ಪುಸ್ತಕವನ್ನು ವ್ಯಾಸಪೀಠದ ಮೇಲೆ ಇಡಿ, ಕತ್ತು ಬಗ್ಗಿಸೋದು ತಪ್ಪುತ್ತದೆ. ದೀಪ ಪಕ್ಕದಿಂದ ಪುಟದ ಮೇಲೆ ಬೀಳಲಿ, ಮುಖದ ಮೇಲಲ್ಲ.

ನಿಮ್ಮ ಫೀಲ್ಡ್ ಟೆಸ್ಟ್ (ನೋಟ ಯಾವ ಕಡೆ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆ) ರಿಪೋರ್ಟ್ ತೋರಿಸಿ, ಯಾವ ಕಡೆ ನೋಟ ಹೋಗಿದೆ ಅಂತ ಡಾಕ್ಟರನ್ನು ಕೇಳಿ. ನನಗೆ ಎಡಗಡೆ. ಹಾಗಾಗಿ ಸಾಲಿನ ಶುರುವೇ ಸಿಗುತ್ತಿರಲಿಲ್ಲ. ನಿಮಗೂ ಹಾಗೇ ಇದ್ದರೆ ಎಡಗೈ ಹೆಬ್ಬೆರಳನ್ನು ಸಾಲಿನ ಎಡತುದಿಗೆ ಇಟ್ಟುಕೊಳ್ಳಿ. ಸಾಲು ಮುಗಿದಾಗ ಕಣ್ಣನ್ನು ನೇರ ಕೆಳಗಿನ ಸಾಲಿಗೆ ಹಾರಿಸಬೇಡಿ. ಓದಿದ ಸಾಲಿನ ಮೇಲೇ ವಾಪಸ್ ಬಂದು ಹೆಬ್ಬೆರಳು ಮುಟ್ಟಿ, ಆಮೇಲೆ ಕಾರ್ಡು ಒಂದು ಸಾಲು ಇಳಿಸಿ. ಬಲಗಡೆ ಹೋಗಿರುವವರು ಬೆರಳನ್ನು ಬಲತುದಿಗೆ ಇಟ್ಟು, ಸಾಲು ಎಲ್ಲಿ ಮುಗಿಯುತ್ತದೆ ಅಂತ ಮೊದಲು ನೋಡಿಕೊಂಡು ಓದಬೇಕು.

ದಿನಕ್ಕೆ 10 ನಿಮಿಷದಿಂದ ಶುರು ಮಾಡಿ. ಜಾಸ್ತಿ ಹೊತ್ತು ಕೂತರೆ ವೇಗ ತಾನಾಗೇ ಇಳಿಯುತ್ತದೆ, ಬೇಜಾರು ಬೇಡ. ಕೈ ಪಳಗಿದ ಮೇಲೆ ಕಿಂಡಿ ಬಿಟ್ಟು ಸಾಲಿನ ಕೆಳಗೆ ಬರೀ ಪಟ್ಟಿ ಇಟ್ಟು ಓದಿ ನೋಡಿ. ಮೊಬೈಲಿನಲ್ಲಾದರೆ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಕೆಲವರಿಗೆ ಸುಲಭ.

ಅಭ್ಯಾಸ ಮಾಡ್ತಿದ್ದೀನಲ್ಲ ಅಂತ ಡಾಕ್ಟರು ಕೊಟ್ಟ ಕಣ್ಣಿನ ಹನಿ ಹಾಕಿಕೊಳ್ಳೋದನ್ನು ನಿಲ್ಲಿಸಬೇಡಿ, ಉಳಿದ ನೋಟ ಕಾಯೋದು ಅದು. ಎರಡು ಬಗೆಯ ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ. ನಾನು ಆ 5 ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಮಬ್ಬು ಹೋಗುವ ತನಕ ಕಾಫಿ. ಪೇಪರು ಅದಾದ ಮೇಲೆ.