ಸಿಲಿಂಡರ್ ಹೋಯ್ತು, ಡಿವಿಆರ್ ಇನ್ನೂ 2000ನೇ ಇಸವಿಯಲ್ಲೇ ಇತ್ತು

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ದಿನಗಳಲ್ಲಿ ದಾವಣಗೆರೆಯ ಯಾವ ಮನೆಗೆ ಹೋದರೂ ನೆಂಟರೇ. ನಮ್ಮ ಮನೆಯಲ್ಲೂ ಒಳಗಿನ ಒಲೆ ಸಾಲದೆ ಹಿತ್ತಲಲ್ಲಿ ದೊಡ್ಡ ಬರ್ನರ್ ಹಚ್ಚಿದ್ದೆವು. ಪಕ್ಕದಲ್ಲಿ ತುಂಬಿದ ಸಿಲಿಂಡರ್. ಜಾತ್ರೆ ಮುಗಿಯಿತು, ನೆಂಟರು ಹೊರಟರು. ಸಿಲಿಂಡರ್ ಒಳಗೆ ಎತ್ತಿಡೋಣ, ನಾಳೆ ಇಡೋಣ ಅಂತ ಎರಡು ದಿನ ಕಳೆಯಿತು. ಗುರುವಾರ ಬೆಳಗ್ಗೆ ನೋಡಿದರೆ ರೆಗ್ಯುಲೇಟರ್ ನೆಲದ ಮೇಲೆ ಬಿದ್ದಿದೆ, ಸಿಲಿಂಡರ್ ಇಲ್ಲ.

ನನಗೆ ಗಾಬರಿ ಆಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೇ ಆಯಿತು. ನಾಲ್ಕು ಕ್ಯಾಮೆರಾ ಹಾಕಿಸಿ ಎಂಟು ತಿಂಗಳಾಗಿತ್ತು, ಒಮ್ಮೆಯೂ ಕೆಲಸಕ್ಕೆ ಬಂದಿರಲಿಲ್ಲ. ಈಗ ಕಳ್ಳನ ಮುಖ ನೋಡೋಣ ಅಂತ ಟೀವಿ ಮುಂದೆ ಕೂತು ಪ್ಲೇಬ್ಯಾಕ್ ತೆರೆದೆ. ಗುರುವಾರ ಖಾಲಿ. ಬುಧವಾರ ಖಾಲಿ. ಆ ತಿಂಗಳೇ ಖಾಲಿ. ಲೈವ್‌ಗೆ ಬಂದರೆ ನಾಲ್ಕೂ ಚಿತ್ರ ಚೆನ್ನಾಗೇ ಓಡುತ್ತಿವೆ.

ಆಗ ಮೂಲೆಯಲ್ಲಿದ್ದ ತಾರೀಖು ಕಣ್ಣಿಗೆ ಬಿತ್ತು. 02-01-2000, ಮಧ್ಯಾಹ್ನ 1 ಗಂಟೆ 4 ನಿಮಿಷ. ನಮ್ಮ ಗೋಡೆ ಗಡಿಯಾರದಲ್ಲಿ ಬೆಳಗ್ಗೆ 7 ಗಂಟೆ 4 ನಿಮಿಷ.

ಎಂಟು ತಿಂಗಳು ದಿನಾ ಮೊಬೈಲಿನಲ್ಲಿ ಲೈವ್ ನೋಡಿದ್ದೇನೆ. ಆ ಮೂಲೆ ಕಡೆ ಒಂದು ದಿನವೂ ಕಣ್ಣು ಹೋಗಿರಲಿಲ್ಲ. ಆಮೇಲೆ ಯೋಚಿಸಿದಾಗ ಗೊತ್ತಾಯಿತು: ಮಂಗಳವಾರ ಮಧ್ಯಾಹ್ನ ಹೋದ ಕರೆಂಟ್ ಸಂಜೆ 6ಕ್ಕೆ ಬಂದಿತ್ತು. ಡಿವಿಆರ್, ಅಂದರೆ ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡುವ ಪೆಟ್ಟಿಗೆ. ಅದರೊಳಗೆ ಗಡಿಯಾರ ಓಡಿಸಲು ಒಂದು ಗುಂಡಿಯಂಥ ಬ್ಯಾಟರಿ ಇರುತ್ತದೆ, ಸಿಆರ್ 2032 ಅಂತ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಮೊದಲಿಂದ ಶುರು. ನಮ್ಮ ಡಿವಿಆರ್‌ಗೆ ಆ ಮೊದಲು ಅಂದರೆ 2000ದ ಜನವರಿ 1, ನಡುರಾತ್ರಿ. ಎಷ್ಟು ಸಲ ಕರೆಂಟ್ ಹೋಗಿದೆಯೋ ಅಷ್ಟು ಸಲ ಅದು ಹೊಸ ಶತಮಾನ ಆಚರಿಸಿದೆ. ರೆಕಾರ್ಡಿಂಗ್ ಎಲ್ಲ ಅದೇ ಒಂದೆರಡು ದಿನಗಳ ಮೇಲೆ ರಾಶಿ ಬಿದ್ದಿತ್ತು.

ಲೆಕ್ಕ ಮಾತ್ರ ಸುಲಭ. ಡಿವಿಆರ್ ಗಡಿಯಾರ ನಮ್ಮದಕ್ಕಿಂತ ಆರು ಗಂಟೆ ಮುಂದೆ. ರಾತ್ರಿ ಮೂರರ ಹೊತ್ತಿಗೆ ನಾಯಿಗಳು ಒಂದೇ ಸಮನೆ ಬೊಗಳಿದ್ದನ್ನು ಅತ್ತೆ ಕೇಳಿದ್ದರು. ಹಾಗಾದರೆ ಹುಡುಕಬೇಕಾದದ್ದು 2000ದ ಜನವರಿ 2, ಬೆಳಗ್ಗೆ 9 ಗಂಟೆ. ಕ್ಯಾಲೆಂಡರನ್ನು ಹಿಂದಕ್ಕೆ ಒತ್ತುತ್ತಾ ಒತ್ತುತ್ತಾ ಅಲ್ಲಿಗೆ ಹೋದೆ. ಸಿಕ್ಕಿತು! ಪಕ್ಕದ ಓಣಿಯ ಕ್ಯಾಮೆರಾದಲ್ಲಿ ಇಬ್ಬರು. ಒಬ್ಬನ ತಲೆಗೆ ಟೋಪಿ. ಕ್ಯಾಮೆರಾ ಇದ್ದದ್ದು 12 ಅಡಿ ಎತ್ತರದಲ್ಲಿ, ಹಾಗಾಗಿ ಕಂಡದ್ದು ಟೋಪಿಯ ನೆತ್ತಿ ಅಷ್ಟೇ. ಇನ್ನೊಬ್ಬ ಒಂದು ಕ್ಷಣ ಮೇಲೆ ನೋಡಿದ. ಅವನ ಮುಖ ಸುಣ್ಣ ಬಳಿದ ಹಾಗೆ ಬಿಳಿ. ಹಿತ್ತಲಿನ ಕ್ಯಾಮೆರಾ? ಅದು ಕತ್ತಲಾದ ಸ್ವಲ್ಪ ಹೊತ್ತಿಗೇ ಕಪ್ಪು. ಮಧ್ಯದಲ್ಲಿ ‘ವಿಡಿಯೋ ಲಾಸ್’ ಅನ್ನುವ ಎರಡು ಪದ.

ಒಂದೇ ರಾತ್ರಿಯಲ್ಲಿ ಮೂರು ಹುಳುಕು ಹೊರಬಿತ್ತು. ಕ್ಯಾಮೆರಾ ಹಾಕಿಕೊಟ್ಟವನಿಗೆ ಫೋನ್ ಮಾಡಿದೆ. ಬಂದ, ಹಿತ್ತಲಿನ ಕ್ಯಾಮೆರಾದ ಪವರ್ ಪಿನ್ ಕಿತ್ತು ಮೀಟರ್ ಇಟ್ಟ. "12 ವೋಲ್ಟ್ ಬರೋಬ್ಬರಿ ಐತಿ ನೋಡ್ರಿ, ಕ್ಯಾಮೆರಾನೇ ಹೋಗೈತಿ, ಹೊಸದು ಹಾಕ್ಬೇಕು" ಅಂದ. ಅವನು ಹೋದ ಮೇಲೆ ನನಗೆ ಒಂದು ಅನುಮಾನ. ಹಗಲೆಲ್ಲ ಚೆನ್ನಾಗಿರುವ ಕ್ಯಾಮೆರಾ ರಾತ್ರಿ ಮಾತ್ರ ಹೇಗೆ ಕೆಡುತ್ತದೆ? ನನ್ನ ಕೆಲಸ ಹೊಲಿಗೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೋಟರ್ ಹಾಕಿದ ಮಷಿನ್ ಭಾರವಾದ ಬಟ್ಟೆ ಬಂದಾಗ ಮಾತ್ರ ಮುಗ್ಗರಿಸಿದರೆ ನಾವು ಮೊದಲು ನೋಡುವುದು ವೈರ್ ಮತ್ತು ಪ್ಲಗ್. ಇಲ್ಲೂ ಅದೇ ಇರಬಹುದಲ್ವಾ?

ಮಂಡಿಪೇಟೆ ಕಡೆ ಹೋದಾಗ ಒಂದು ಸಾದಾ ಮಲ್ಟಿಮೀಟರ್ ತಂದೆ. ಕ್ಯಾಮೆರಾ ಹತ್ತಿರದ ಪವರ್ ಕನೆಕ್ಟರ್ ಹಸಿರು ಬಣ್ಣದ್ದು, ಎರಡು ಸ್ಕ್ರೂ ಇರುವಂಥದ್ದು. ಪಿನ್ ಕೀಳದೆ, ಕ್ಯಾಮೆರಾ ಓಡುತ್ತಿರುವಾಗಲೇ ಆ ಸ್ಕ್ರೂಗಳ ತಲೆಗೆ ಮೀಟರ್ ಕಡ್ಡಿ ಮುಟ್ಟಿಸಿದೆ. ಹಗಲಲ್ಲಿ 11.3 ವೋಲ್ಟ್. ಆಮೇಲೆ ಲೈನಿಂಗ್‌ನ ಕಪ್ಪು ಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಕ್ಯಾಮೆರಾದ ಮೂತಿಗೆ ಸುತ್ತಿದೆ. ಅದಕ್ಕೆ ರಾತ್ರಿ ಆಯ್ತು ಅನ್ನಿಸಿ, ಟಕ್ ಅಂತ ಸಣ್ಣ ಸದ್ದು ಮಾಡಿ, ಒಳಗಿನ ಇನ್ಫ್ರಾರೆಡ್ ದೀಪಗಳನ್ನು ಹಚ್ಚಿತು. ಮೀಟರ್ ಸರ್ರನೆ 9.7ಕ್ಕೆ ಇಳಿಯಿತು. ಟೀವಿಯಲ್ಲಿ ಚಿತ್ರ ಹೋಯಿತು, ಬಂತು, ಮತ್ತೆ ಹೋಯಿತು.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದಕ್ಕೆ ಊಟ ಸಾಲುತ್ತಿರಲಿಲ್ಲ. ಕ್ಯಾಮೆರಾಗಳಿಗೆ 12 ವೋಲ್ಟ್ ಕೊಡುವ ಡಬ್ಬ, ಡಿವಿಆರ್ ಪಕ್ಕದ ಎಸ್‌ಎಂಪಿಎಸ್‌ನಿಂದ ಹಿತ್ತಲಿಗೆ ಸುಮಾರು 35 ಮೀಟರ್. ಮೂರು ಪ್ಲಸ್ ಒಂದು ಅಂತ ಸಿಗುವ ಕೇಬಲ್‌ನಲ್ಲಿ ಪವರ್‌ಗೆ ಇರುವುದು ಕೂದಲಿನಂಥ ತೆಳು ತಂತಿ. ದೀಪ ಹತ್ತಿದಾಗ ಕ್ಯಾಮೆರಾ ಮೂರು ಪಟ್ಟು ಕರೆಂಟ್ ಎಳೆಯುತ್ತದೆ, ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಪಿನ್ ಕಿತ್ತು ಅಳೆದರೆ ಕರೆಂಟೇ ಹರಿಯುವುದಿಲ್ಲ, ಹಾಗಾಗಿ ಸೋರಿಕೆಯೂ ಇಲ್ಲ, ಪೂರ್ತಿ 12 ತೋರಿಸುತ್ತದೆ. ಆ ಹುಡುಗ ಮೋಸ ಮಾಡಿದ ಅಂತ ನಾನು ಹೇಳಲ್ಲ. ಅವನಿಗೂ ಹಾಗೇ ಕಲಿಸಿದ್ದಾರೆ.

ಹಿತ್ತಲ ಕ್ಯಾಮೆರಾಕ್ಕೆ ಮಾತ್ರ ಪವರ್‌ಗೆಂದು ಬೇರೆಯಾಗಿ 1 ಸ್ಕ್ವೇರ್ ಎಂಎಂ ತಾಮ್ರದ ಜೋಡಿ ವೈರ್ ಎಳೆದೆ. ಮತ್ತೆ ಬಟ್ಟೆ ಸುತ್ತಿ ಅಳೆದೆ: 11.5. ಆವತ್ತಿನಿಂದ ಆ ಕ್ಯಾಮೆರಾ ಒಂದು ರಾತ್ರಿಯೂ ಕಣ್ಣು ಮುಚ್ಚಿಲ್ಲ. ಹೊಸ ಕ್ಯಾಮೆರಾದ ದುಡ್ಡು ಉಳಿಯಿತು. ವೈರ್ ಕೊಳ್ಳುವಾಗ ತಾಮ್ರದ್ದೇ ಅಂತ ತುದಿ ಕೆರೆದು ನೋಡಿ. ಮೇಲೆ ತಾಮ್ರದ ಲೇಪ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ ಇರುವ ವೈರ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ.

ಬ್ಯಾಟರಿ ಕಥೆ ಚಿಕ್ಕದು. ಪ್ಲಗ್ ಕಿತ್ತು, ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ, ಹಳೇ ಬ್ಯಾಟರಿ ತೆಗೆದೆ. 3 ವೋಲ್ಟ್ ಇರಬೇಕಾದದ್ದು 1.9 ಇತ್ತು. ಹೊಸದನ್ನು ಪ್ಲಸ್ ಮೇಲೆ ಮಾಡಿ ಕೂರಿಸಿದೆ. ವಾರಂಟಿ ಇದ್ದರೆ ಮುಚ್ಚಳ ತೆಗೆಯುವ ಮೊದಲು ಯೋಚಿಸಿ, ನನ್ನದರ ಸೀಲ್ ಹರಿಯಿತು. ಸೆಟ್ಟಿಂಗ್‌ನಲ್ಲಿ ಎನ್‌ಟಿಪಿ ಅಂತ ಇರುತ್ತದೆ, ಅದನ್ನು ಆನ್ ಮಾಡಿ ಟೈಮ್ ಝೋನ್ 5:30 ಕೊಟ್ಟರೆ ಇಂಟರ್ನೆಟ್‌ನಿಂದ ತಾನೇ ಸಮಯ ಸರಿ ಮಾಡಿಕೊಳ್ಳುತ್ತದೆ. ಜೊತೆಗೆ ಡಿವಿಆರ್, ಎಸ್‌ಎಂಪಿಎಸ್, ರೌಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ತಂದೆ. ನಮ್ಮ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಪುಟ್ಟ ಸ್ವಿಚ್ ಇದೆ. ಅದನ್ನು ಒತ್ತದಿದ್ದರೆ ಕರೆಂಟ್ ಹೋದ ಕ್ಷಣ ಡಿವಿಆರ್ ಒಮ್ಮೆ ಸತ್ತು ಹುಟ್ಟುತ್ತಿತ್ತು.

ಇನ್ನು ಮುಖ. ಓಣಿಯ ಕ್ಯಾಮೆರಾವನ್ನು 12 ಅಡಿಯಿಂದ ಎಂಟೂವರೆ ಅಡಿಗೆ ಇಳಿಸಿದೆ. "ಕೈಗೆ ಎಟುಕುತ್ತೆ, ಕಿತ್ಕೊಂಡು ಹೋಗ್ತಾರೆ" ಅಂತ ಮನೆಯಲ್ಲಿ ಎಲ್ಲರೂ ಹೇಳಿದರು. ಹೋಗಲಿ ಬಿಡಿ, ಕೀಳುವವನ ಮುಖವಾದರೂ ಸಿಗುತ್ತದೆ, ಡಿವಿಆರ್ ಇರುವುದು ಒಳಗೆ. ಬಿಳಿ ಮುಖಕ್ಕೆ ಕಾರಣ ಪಕ್ಕದಲ್ಲೇ ಇದ್ದ ಸುಣ್ಣದ ಗೋಡೆ. ಕ್ಯಾಮೆರಾದ ದೀಪ ಆ ಗೋಡೆಗೆ ಬಡಿದು ವಾಪಸ್ ಕಣ್ಣಿಗೇ ರಾಚುತ್ತಿತ್ತು. ಒಂದು ಗೇಣು ಮುಂದಕ್ಕೆ ತಂದು ಮೂತಿ ತಿರುಗಿಸಿದೆ, ಸರಿಯಾಯಿತು. ನಮ್ಮದು 2 ಮೆಗಾಪಿಕ್ಸೆಲ್, 3.6 ಎಂಎಂ ಲೆನ್ಸ್. ಅದರಲ್ಲಿ ‘ಇವನೇ’ ಅಂತ ಹೇಳುವಷ್ಟು ಮುಖ ಸಿಗುವುದು ಸುಮಾರು 5 ಮೀಟರ್‌ವರೆಗೆ. ಅದರಾಚೆ ಯಾರೋ ಬಂದರು, ಹೋದರು ಅಷ್ಟೇ. ಅಂಗಡಿ ಬಾಗಿಲಿನದು ಬೇರೆ ತಕರಾರು. ವಾಸ್ತು ಅಂತ ಪೂರ್ವಕ್ಕೆ ಬಾಗಿಲು ಇಟ್ಟಿದ್ದೇವೆ. ಬೆಳಗ್ಗೆ ಬರುವವರೆಲ್ಲ ಸೂರ್ಯನನ್ನು ಬೆನ್ನಿಗೆ ಹೊತ್ತುಕೊಂಡು ಬರುತ್ತಾರೆ, ಮುಖ ಇದ್ದಿಲು. ಬೆಳಕು, ನೆರಳು ಎರಡನ್ನೂ ಸರಿದೂಗಿಸುವ ಡಬ್ಲ್ಯೂಡಿಆರ್ ಅನ್ನುವುದನ್ನು ಆನ್ ಮಾಡಿದ ಮೇಲೆ ಮೂಗು ಕಣ್ಣು ಕಾಣತೊಡಗಿತು.

ಅದೇ ಬಾಗಿಲ ಕ್ಯಾಮೆರಾದಲ್ಲಿ ನನಗೆ ಸಿಟ್ಟು ಬಂದ ಸಂಗತಿಯೊಂದಿದೆ. ಜಂಪರ್ ಹೊಲಿಸಲು ಬರುವ ಹೆಂಗಸರಿಗೆ ಅಳತೆ ತೆಗೆಯುವುದು ಒಳಗೆ ಪರದೆ ಹಿಂದೆ. ಒಳಗೆ ಕ್ಯಾಮೆರಾ ಬೇಡವೇ ಬೇಡ ಅಂತ ಮೊದಲ ದಿನವೇ ಹೇಳಿದ್ದೆ. ಒಳಗೆ ಹಾಕಲಿಲ್ಲ ನಿಜ. ಆದರೆ ಬಾಗಿಲಿನ ಕ್ಯಾಮೆರಾ ಸ್ವಲ್ಪ ವಾರೆಯಾಗಿ ಕೂತು, ಗಾಳಿಗೆ ಪರದೆ ಸರಿದರೆ ಅಳತೆ ಜಾಗದ ಒಂದು ಮೂಲೆ ಕಾಣುತ್ತಿತ್ತು. ಹಳೇ ರೆಕಾರ್ಡಿಂಗ್ ಹುಡುಕುವಾಗಲೇ ಇದು ಗೊತ್ತಾದದ್ದು. ಅದಕ್ಕಿಂತ ದೊಡ್ಡದು: ಆಪ್‌ನಲ್ಲಿ ಯಾರ್ಯಾರಿಗೆ ಹಂಚಿದೆ ಅಂತ ನೋಡಿದರೆ ನನಗೆ ಗೊತ್ತಿಲ್ಲದ ಒಂದು ಫೋನ್ ನಂಬರ್ ಇತ್ತು. ಹಾಕಿಕೊಟ್ಟವರದ್ದೇ. ಕೇಳಿದರೆ "ಸರ್ವಿಸ್‌ಗೆ ಬೇಕಾಗ್ತದೆ ಮೇಡಂ" ಅಂತ ಉತ್ತರ. ಡಿವಿಆರ್‌ನ ಪಾಸ್‌ವರ್ಡ್ ಇನ್ನೂ ಡಬ್ಬದ ಮೇಲೆ ಬರೆದಿದ್ದೇ ಇತ್ತು.

ಆವತ್ತೇ ಆ ನಂಬರ್ ಅಳಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಕ್ಯಾಮೆರಾ ತಿರುಗಿಸಿದೆ, ಮೇಲಿಂದ ಆ ಮೂಲೆಗೆ ಪ್ರೈವಸಿ ಮಾಸ್ಕ್ ಅಂತ ಇರುವ ಕಪ್ಪು ಚೌಕ ಎಳೆದೆ. ಆ ಚೌಕದೊಳಗಿನದು ರೆಕಾರ್ಡೇ ಆಗುವುದಿಲ್ಲ. ಎದುರು ಮನೆಯವರ ಕಿಟಕಿಗೂ ಒಂದು ಚೌಕ ಹಾಕಿ, ಅವರನ್ನು ಕರೆದು ತೋರಿಸಿದೆ. ಪಾಸ್‌ವರ್ಡ್ ಬದಲಿಸದಿದ್ದರೆ ಏನು ಮಹಾ ಆಗುತ್ತೆ ಅನ್ನುವವರಿಗೆ: 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹೀಗೆ ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳಿಗೆ ಲಕ್ಷಗಟ್ಟಲೆ ನುಗ್ಗಿತ್ತು. ಆ ಅಕ್ಟೋಬರಿನಲ್ಲಿ ಅವನ್ನೇ ಬಳಸಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟುಗಳನ್ನೇ ಗಂಟೆಗಟ್ಟಲೆ ಮಲಗಿಸಿದ್ದರು.

ಎಷ್ಟು ದಿನದ ರೆಕಾರ್ಡಿಂಗ್ ಉಳಿಯುತ್ತದೆ ಅನ್ನುವುದನ್ನೂ ಯಾರೂ ನಮಗೆ ಹೇಳಿರಲಿಲ್ಲ. "ಒಂದು ಟಿಬಿ ಹಾಕೇವಿ" ಅಂದಿದ್ದರು ಅಷ್ಟೇ. ಒಂದು ಕ್ಯಾಮೆರಾ 4 ಎಂಬಿಪಿಎಸ್ ಬಿಟ್‌ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಓಡಿದರೆ ದಿನಕ್ಕೆ 43 ಜಿಬಿ. ನಾಲ್ಕಕ್ಕೆ 172. ಒಂದು ಟಿಬಿ, ಅಂದರೆ ಸಾವಿರ ಜಿಬಿಯ ಹಾರ್ಡ್ ಡಿಸ್ಕ್, ಆರನೇ ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯಲು ಶುರು. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಹೋದ ದಿನದ್ದೇ ಇರಲ್ಲ! ವಿಡಿಯೋವನ್ನು ಹೆಚ್ಚು ಕುಗ್ಗಿಸುವ ಎಚ್.265 ವಿಧಾನ ಆರಿಸಿ, ಬಿಟ್‌ರೇಟ್ 2ಕ್ಕೆ ಇಳಿಸಿದೆ. ಸೆಕೆಂಡಿಗೆ 15 ಫ್ರೇಮ್ ಸಾಕು, ನಾವೇನು ಸಿನಿಮಾ ತೆಗೆಯುತ್ತಿದ್ದೇವಾ. ಈಗ 11 ದಿನ ಸಿಗುತ್ತದೆ. ಚಿತ್ರದಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಪೊಲೀಸ್ ಠಾಣೆಯಲ್ಲಿ ಪೆನ್‌ಡ್ರೈವ್‌ಗೆ ಹಾಕಿ ತನ್ನಿ ಅಂದರು. ನನ್ನ ಪೆನ್‌ಡ್ರೈವನ್ನು ಡಿವಿಆರ್ ಗುರುತೇ ಹಿಡಿಯಲಿಲ್ಲ. ಮಗಳ ಕಂಪ್ಯೂಟರಿನಲ್ಲಿ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಹಿಡಿಯಿತು. ಕಾಪಿ ಮಾಡುವಾಗ ಎಂಪಿ4 ಅಂತ ಆರಿಸಿ, ಇಲ್ಲದಿದ್ದರೆ ಅವರದೇ ಪ್ಲೇಯರ್ ಇಲ್ಲದೆ ಫೈಲ್ ತೆರೆಯುವುದಿಲ್ಲ. ತಾರೀಖು 2000 ಅಂತ ಇದ್ದದ್ದಕ್ಕೆ ಅಲ್ಲಿ ನಕ್ಕರು. ನಗಲಿ. ಪುಣ್ಯಕ್ಕೆ ಆವತ್ತು ಬೆಳಗ್ಗೆ ಏನನ್ನೂ ಸರಿಪಡಿಸುವ ಮೊದಲೇ ಟೀವಿ ಪರದೆ ಮತ್ತು ಗೋಡೆ ಗಡಿಯಾರ ಎರಡೂ ಕಾಣುವ ಹಾಗೆ ಒಂದು ಫೋಟೋ ತೆಗೆದಿದ್ದೆ, ಅದನ್ನೂ ಕೊಟ್ಟೆ. 2024ರ ಜುಲೈ 1ರಿಂದ ಸಾಕ್ಷ್ಯದ ಹೊಸ ಕಾನೂನು ಬಂದಿದೆ, ಭಾರತೀಯ ಸಾಕ್ಷ್ಯ ಅಧಿನಿಯಮ. ಇಂಥ ವಿಡಿಯೋ ಕೋರ್ಟಿಗೆ ಹೋಗಬೇಕಾದರೆ ಅದರ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಫೈಲಿನ ಹ್ಯಾಶ್ ಅನ್ನುವ ಗುರುತಿನ ಅಂಕಿ ಸಮೇತ. ನಮ್ಮ ಸಿಲಿಂಡರ್ ಕೋರ್ಟಿನವರೆಗೆ ಹೋಗಲಿಲ್ಲ. ಸಿಗಲೂ ಇಲ್ಲ.

ಈಗಿನ ದೊಡ್ಡ ಕಾಟ ಕಳ್ಳರಲ್ಲ, ಜೇಡ. ರಾತ್ರಿ ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸಿನ ಮುಂದೆ ಬಲೆ ಕಟ್ಟುತ್ತದೆ. ಒಂದು ಎಳೆ ಅಲ್ಲಾಡಿದರೂ ಫೋನಿಗೆ ಅಲಾರಂ. ಒಂದೇ ರಾತ್ರಿ ಎಪ್ಪತ್ತು ಸಲ ಹೊಡೆದುಕೊಂಡ ದಾಖಲೆ ಇದೆ. ಮಂಡಕ್ಕಿ ಭಟ್ಟಿ ಕಡೆಯ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆ ಮೇಲೆ ಕೂರುವ ಮಸಿ ಲೆನ್ಸನ್ನೂ ಬಿಡಲ್ಲ. ಪೊರಕೆ ಕೋಲಿನ ತುದಿಗೆ ಹಳೇ ಕಾಟನ್ ಸೀರೆಯ ತುಂಡು ಕಟ್ಟಿದ್ದೇನೆ. ಭಾನುವಾರ ಬೆಳಗ್ಗೆ ರಂಗೋಲಿ ಮುಗಿಸಿ, ಅದೇ ಕೈಯಲ್ಲಿ ನಾಲ್ಕನ್ನೂ ಒರೆಸುವುದು. ಆಮೇಲೆ ಒಳಗೆ ಬಂದು ಹಿಂದಿನ ಬುಧವಾರದ ರಾತ್ರಿ 2 ಗಂಟೆಯದ್ದನ್ನು ಪ್ಲೇಬ್ಯಾಕ್‌ನಲ್ಲಿ ತೆರೆಯುವುದು. ಲೈವ್ ಅಲ್ಲ, ಪ್ಲೇಬ್ಯಾಕ್. ಐದೇ ನಿಮಿಷದ ಕೆಲಸ. ಸಾಮಾನ್ಯವಾಗಿ ಕಾಣುವುದು ತುಳಸಿ ಕಟ್ಟೆ ಮೇಲೆ ಮಲಗಿದ ಬೆಕ್ಕು.

ಹೋದ ಭಾನುವಾರ ಗೇಟಿನ ಕ್ಯಾಮೆರಾದಲ್ಲಿ ಹೊಸದೊಂದು ಕಂಡಿತು. ಮಳೆ ಬಂದ ರಾತ್ರಿಯಿಂದ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಕೆಳಗಿಂದ ಮೇಲಕ್ಕೆ ನಿಧಾನವಾಗಿ ಹತ್ತುತ್ತಿವೆ. ಆ ಕ್ಯಾಮೆರಾವನ್ನು ಗೇಟಿನ ಕಬ್ಬಿಣದ ಕಂಬಕ್ಕೇ ಬಿಗಿದಿದ್ದಾರೆ. ಕಂಬ ಒದ್ದೆ ನೆಲದಲ್ಲಿ ಒಂದು ಅರ್ಥ್, ಡಿವಿಆರ್ ಪ್ಲಗ್‌ನಲ್ಲಿ ಇನ್ನೊಂದು ಅರ್ಥ್, ಎರಡರ ನಡುವಿನ ವ್ಯತ್ಯಾಸ ಕೇಬಲ್‌ನಲ್ಲಿ ಓಡಾಡುತ್ತಿದೆ ಅಂತ ನನ್ನ ಅಂದಾಜು. ಕ್ಯಾಮೆರಾ ಕಬ್ಬಿಣಕ್ಕೆ ತಾಗದ ಹಾಗೆ ನಡುವೆ ರಬ್ಬರ್ ಇಟ್ಟು, ಪ್ಲಾಸ್ಟಿಕ್ ಟ್ಯಾಗಿನಲ್ಲಿ ಬಿಗಿದು ನೋಡಬೇಕು. ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಏಣಿ ಪಕ್ಕದ ಮನೆಯವರ ಹತ್ತಿರ ಇದೆ, ಅವರ ಬಣ್ಣ ಬಳಿಯೋದು ಮುಗಿಯಲಿ ಅಂತ ಕಾಯುತ್ತಿದ್ದೇನೆ.