ಒಂದೇ ಸಂಬಳ, ಚಿಕ್ಕ ಮಗು, ಬೆಂಗಳೂರು ಬಾಡಿಗೆ: ಮನೆ ಖರ್ಚು ತೂಗಿಸೋದು ಹೇಗೆ

ಗಂಡ, ಹೆಂಡ್ತಿ, ಒಂದು ಮಗು, ಮಗು ಇನ್ನೂ ಚಿಕ್ಕದು ಅಂತ ಒಬ್ರು ಕೆಲ್ಸ ಬಿಟ್ಟಿರ್ತಾರೆ, ಬರೋದು ಒಂದೇ ಸಂಬಳ. ಇಂಥ ಮನೇಲಿ ದುಡ್ಡಿನ ಮಾತು ಬಂದ್ರೆ ಮೊದ್ಲು ಬೈಸ್ಕೊಳ್ಳೋದು ಹೊರಗಡೆ ಕುಡಿಯೋ ಕಾಫಿ, ಭಾನುವಾರದ ಮಸಾಲೆ ದೋಸೆ. ಪಾಪ ದೋಸೆ ಏನ್ ಮಾಡಿದೆ ಹೇಳಿ. ಬಾಡಿಗೆ, ಹಾಲು, ತರಕಾರಿ, ಪೆಟ್ರೋಲು ಹೆಂಗೋ ತಿಂಗ್ಳಾ ತಿಂಗ್ಳಾ ಸಾಗೋಗತ್ತೆ, ಮನೆ ಮುಗ್ಗರಿಸೋದು ವರ್ಷಕ್ಕೊಂದ್ಸಲ ಬರೋ ಖರ್ಚಿಗೆ. ಜೂನ್ ಬಂತು ಸ್ಕೂಲ್ ಫೀಸು, ಶ್ರಾವಣ ಬಂತು ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ ಗಣೇಶ, ನಡುವೆ ಗಾಡಿ ಇನ್ಶೂರೆನ್ಸು, ಊರಲ್ಲಿ ಯಾರದ್ದೋ ಮದುವೆ. ಇವೆಲ್ಲ ಬಂದೇ ಬರತ್ತೆ ಅಂತ ಹೋದ ವರ್ಷದಿಂದಲೇ ಗೊತ್ತಿರತ್ತೆ, ಆದ್ರೂ ಬಂದ ದಿನ ಕ್ರೆಡಿಟ್ ಕಾರ್ಡ್ ಉಜ್ಜಿ ಮುಂದಿನ ನಾಲ್ಕು ತಿಂಗಳು ಕಂತು ಕಟ್ತಾ ಕೂರ್ತೀವಿ.

ಹಾಗಾಗಿ ಮೊದಲ ಕೆಲ್ಸ, ಹಿಂದಿನ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸ್ಕೊಳ್ಳಿ. ಇಪ್ಪತ್ತು ಮೂವತ್ತು ರೂಪಾಯಿ ಫೋನ್‌ಪೇ ಎಂಟ್ರಿ ನೋಡ್ತಾ ಕೂರ್ಬೇಡಿ, ಅದ್ರಲ್ಲಿ ತಲೆ ಕೆಡತ್ತೆ ಅಷ್ಟೆ. ಸಾವಿರ ರೂಪಾಯಿ ಮೇಲಿನದು, ತಿಂಗಳು ತಿಂಗಳು ಬರದೇ ಇರೋದು, ಅಂಥದ್ದನ್ನ ಮಾತ್ರ ಒಂದು ಹಾಳೆ ಮೇಲೆ ಬರೀರಿ. ಲೆಕ್ಕಕ್ಕೆ ಅಂತ ಒಂದು ಮನೆ ಇಟ್ಕೊಳ್ಳೋಣ: ಎಲ್‌ಕೆಜಿ ಫೀಸು ಪುಸ್ತಕ ಯೂನಿಫಾರ್ಮ್ ಎಲ್ಲ ಸೇರಿ 36,000, ಗಾಡಿ ಇನ್ಶೂರೆನ್ಸ್ ಸರ್ವೀಸು 5,000, ಹಬ್ಬಗಳು ಬಟ್ಟೆ 15,000, ಮುಯ್ಯಿ ಮತ್ತೆ ಮದುವೆ ಓಡಾಟ 10,000, ಊರಿಗೆ ಹೋಗಿ ಬರೋದು 12,000, ಹೆಲ್ತ್ ಇನ್ಶೂರೆನ್ಸ್ 12,000. ಕೂಡಿದ್ರೆ 90,000. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 7,500. ಅಂದ್ರೆ ಈ ಮನೆಗೆ ಸಂಬಳ 42,000 ಬರ್ತಾ ಇದ್ರೂ ನಿಜವಾದ ಸಂಬಳ 34,500 ಅಂತಲೇ ಅಂದ್ಕೋಬೇಕು. ಕೇಳೋಕೆ ಬೇಜಾರಾಗತ್ತೆ, ಆದ್ರೆ ಆ 7,500 ಯಾವತ್ತೂ ನಿಮ್ಮ ಆ ತಿಂಗಳ ದುಡ್ಡು ಆಗಿರ್ಲೇ ಇಲ್ಲ.

ಈ 7,500ನ ಸಂಬಳ ಬಂದ ದಿನವೇ ಎತ್ತಿಡ್ಬೇಕು, ಉಳಿದಿದ್ದು ಇಡೋಣ ಅಂದ್ರೆ ಏನೂ ಉಳಿಯಲ್ಲ. ಸ್ಕೂಲ್ ಫೀಸಿನ ಪಾಲು 3,000 ಆಯ್ತಲ್ಲ, ಅದನ್ನ ಬ್ಯಾಂಕಲ್ಲಿ ಹನ್ನೆರಡು ತಿಂಗಳ ಆರ್‌ಡಿ (ತಿಂಗಳಿಗಿಷ್ಟು ಅಂತ ಕಟ್ಟೋ ಠೇವಣಿ) ಮಾಡಿ, ಮೇ ತಿಂಗಳಲ್ಲಿ ಮೆಚೂರ್ ಆಗೋ ಹಾಗೆ. (ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು, ಅದು ಈ ಕೆಲಸಕ್ಕಲ್ಲ.) ಮಿಕ್ಕ 4,500 ಇನ್ನೊಂದು ಸೇವಿಂಗ್ಸ್ ಅಕೌಂಟಿಗೆ, ಅದಕ್ಕೆ ಯುಪಿಐ ಲಿಂಕ್ ಮಾಡೋದೇ ಬೇಡ, ಎಟಿಎಂ ಕಾರ್ಡೂ ಬೀರುವಲ್ಲಿರ್ಲಿ. ಮೊದಲನೇ ವರ್ಷ ಮಾತ್ರ ಸ್ವಲ್ಪ ಕಷ್ಟ ಆಗತ್ತೆ, ಯಾಕಂದ್ರೆ ನೀವು ಡಿಸೆಂಬರಲ್ಲಿ ಶುರು ಮಾಡಿದ್ರೆ ಮೇವರೆಗೆ ಆರೇ ಸಂಬಳ, ಫೀಸಿಗೆ ತಿಂಗಳಿಗೆ 3,000 ಸಾಲಲ್ಲ, 6,000 ಬೇಕು. ಆ ಒಂದು ವರ್ಷ ಹಬ್ಬದ ಬಟ್ಟೆ ಮಗುಗೆ ಮಾತ್ರ ತಗೊಳ್ಳಿ, ಅಥವಾ ಫೀಸ್ ಎರಡು ಮೂರು ಕಂತಲ್ಲಿ ಕಟ್ತೀವಿ ಅಂತ ಸ್ಕೂಲಲ್ಲಿ ಅಡ್ಮಿಷನ್‌ಗೆ ಮುಂಚೆನೇ ಕೇಳಿ, ಕೇಳಿದ್ರೆ ಬಹಳ ಕಡೆ ಒಪ್ತಾರೆ.

ಮುಯ್ಯಿ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಯಾವ ಬಜೆಟ್ ಆಪಲ್ಲೂ ಇದಕ್ಕೊಂದು ಕಾಲಂ ಇರಲ್ಲ. ನಿಮ್ಮ ಮದುವೇಲಿ, ಮಗು ನಾಮಕರಣದಲ್ಲಿ ಯಾರ್ಯಾರು ಎಷ್ಟೆಷ್ಟು ಮಾಡಿದ್ರು ಅಂತ ಅಮ್ಮನೋ ಅತ್ತೆನೋ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿರ್ತಾರೆ, ಅದನ್ನ ಈಸ್ಕೊಂಡು ಫೋಟೋ ತಕ್ಕೊಳ್ಳಿ. ಅವರು 501 ಮಾಡಿದ್ರೆ ನೀವು 501 ಮಾಡಿದ್ರೂ ನಡೆಯತ್ತೆ, ಸ್ವಲ್ಪ ಸೇರಿಸಿದ್ರೆ ಇನ್ನೂ ಚೆಂದ, ಆದ್ರೆ ಬೆಂಗಳೂರಲ್ಲಿದೀವಿ ಅನ್ನೋ ಒಂದೇ ಕಾರಣಕ್ಕೆ ಪ್ರತಿ ಕವರಿಗೂ 2,001 ತುಂಬಿಸೋದು ಬೇಡ. ಆಫೀಸ್ ಕಡೆ ಮದುವೆಗಳಿಗೆ ಟೀಮಲ್ಲಿ ಸೇರಿ ಒಂದೇ ಗಿಫ್ಟ್ ಕೊಡಿ. ಇನ್ನು ಊರ ಮದುವೆ ಅಂದ್ರೆ ಮುಯ್ಯಿಗಿಂತ ಹೋಗಿ ಬರೋ ಖರ್ಚೇ ಜಾಸ್ತಿ, ಅಂಥ ಕಡೆ ಒಬ್ರು ಹೋಗಿ ಬಂದ್ರೆ ಯಾರೂ ತಪ್ಪು ತಿಳಿಯಲ್ಲ (ಸೋದರತ್ತೆ ಒಬ್ರನ್ನ ಬಿಟ್ಟು). ಬಂದಿರೋ ಬ್ಲೌಸ್ ಪೀಸು, ಸ್ಟೀಲ್ ಡಬ್ಬಿ ಎಲ್ಲ ಒಂದು ಕಡೆ ಎತ್ತಿಡಿ, ಅರಿಶಿನ ಕುಂಕುಮಕ್ಕೆ ಬಂದೋರಿಗೆ ಕೊಡೋಕೆ ಆಗತ್ತೆ. ಯಾರು ಕೊಟ್ಟಿದ್ದು ಅಂತ ಮೇಲೊಂದು ಚೀಟಿ ಅಂಟಿಸಿರಿ, ಕೊಟ್ಟೋರಿಗೇ ವಾಪಸ್ ಹೋದ್ರೆ ಕಥೆ ಮುಗೀತು.

ಈಗ ವಾರದ ದುಡ್ಡು. ಯುಪಿಐ ಬಂದ್ಮೇಲೆ ಪರ್ಸಲ್ಲಿ ನೋಟು ಖಾಲಿ ಆಗೋದು ಕಣ್ಣಿಗೆ ಕಾಣಲ್ಲ, ಅದೇ ತೊಂದ್ರೆ. ಅದಕ್ಕೆ ಸಂಬಳದ ಅಕೌಂಟಿನಿಂದ ಯುಪಿಐ ತೆಗೆದುಹಾಕಿ, ಬೇರೆ ಒಂದು ಅಕೌಂಟಿಗೆ ಲಿಂಕ್ ಮಾಡಿ, ಅದಕ್ಕೆ ಪ್ರತಿ ಸೋಮವಾರ ಆ ವಾರದ ತರಕಾರಿ, ಹಣ್ಣು, ಪೆಟ್ರೋಲು, ಸಣ್ಣಪುಟ್ಟದ್ದಕ್ಕೆ ಎಷ್ಟೋ ಅಷ್ಟು ಹಾಕಿ. ಸೋಮವಾರನೇ ಯಾಕೆ ಅಂದ್ರೆ ಶುಕ್ರವಾರ ಹಾಕಿದ್ರೆ ಶನಿವಾರ ಭಾನುವಾರದಲ್ಲೇ ಅರ್ಧ ಹೋಗಿರತ್ತೆ. ಗುರುವಾರಕ್ಕೇ ಖಾಲಿಯಾದ್ರೆ ಮನೇಲಿರೋ ಈರುಳ್ಳಿ ಆಲೂಗಡ್ಡೆಲಿ ಎರಡು ದಿನ ದೂಡೋದು, ಅದೇನು ದೊಡ್ಡ ಶಿಕ್ಷೆ ಅಲ್ಲ. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡೋ ಆಪ್‌ಗಳನ್ನ ಫೋನಿಂದ ತೆಗೆದ್ರೆ ಇನ್ನೂ ಒಳ್ಳೇದು, ಕೊತ್ತಂಬರಿ ಸೊಪ್ಪು ತರ್ಸೋಕೆ ಹೋಗಿ ಫ್ರೀ ಡೆಲಿವರಿ ಆಸೆಗೆ ಚಿಪ್ಸು ಐಸ್‌ಕ್ರೀಮು ಸೇರಿಸೋದು ಎಲ್ರ ಮನೇಲೂ ಆಗೋದೇ.

ಅಕ್ಕಿ ಮೂಟೆ ತರುವಾಗ ಒಂದು ವಿಷ್ಯ ನೋಡ್ಕೊಳ್ಳಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿಗೆ 5% ಜಿಎಸ್‌ಟಿ ಬಂತು, ಅದನ್ನ ತಪ್ಪಿಸೋಕೆ ಮಿಲ್ಲಿನವರು 26 ಕೆಜಿ ಮೂಟೆ ಬಿಟ್ರು. ಈಗ ಅಂಗಡೀಲಿ ಎರಡೂ ಪಕ್ಕಪಕ್ಕ ಇರತ್ತೆ, ಮೂಟೆ ರೇಟ್ ನೋಡಿ ತಗೊಂಡ್ರೆ ಮೋಸ ಹೋಗ್ತೀರ. 25ರ ಮೂಟೆ 1,500 ಇದ್ರೆ ಕೆಜಿಗೆ 60 ಬಿತ್ತು, 26ರದ್ದು 1,534 ಇದ್ರೆ ನೋಡೋಕೆ ಜಾಸ್ತಿ ಅನ್ಸತ್ತೆ ಆದ್ರೆ ಕೆಜಿಗೆ 59. ಬೇಳೆ, ಎಣ್ಣೆ, ಸೋಪಿನ ಪುಡಿಗೂ ಹಾಗೇ, ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ರನೇ ಗ್ರಾಮಿಗೆ ಇಷ್ಟು, ಮಿಲಿಗೆ ಇಷ್ಟು ಅಂತ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ಅದನ್ನ ಓದಿ. ದೊಡ್ಡ ಪ್ಯಾಕೇ ಯಾವಾಗ್ಲೂ ಅಗ್ಗ ಅನ್ನೋದು ಸುಳ್ಳು. ಹಣ್ಣು ತರಕಾರಿಗೆ ಹತ್ರ ಹಾಪ್‌ಕಾಮ್ಸ್ ಇದ್ರೆ ರೇಟ್ ಬೋರ್ಡ್ ಒಂದ್ಸಲ ನೋಡ್ಕೊಂಡು ಆಮೇಲೆ ಗಾಡಿಯವನ ಹತ್ರ ಹೋಗಿ, ಚೌಕಾಸಿಗೊಂದು ಆಧಾರ ಇರತ್ತೆ.

ಅಡುಗೇಲಿ ಉಳಿತಾಯ ಅಂದ್ರೆ ಬಾಯಿ ಕಟ್ಟೋದು ಅಂತಲ್ಲ. ನಮ್ಮ ಬಯಲುಸೀಮೆ ಬಸ್ಸಾರಿಗಿಂತ ಲೆಕ್ಕಾಚಾರದ ಅಡುಗೆ ಇನ್ನೊಂದಿಲ್ಲ: ಹುರುಳಿಕಾಳೋ ತೊಗರಿಬೇಳೆನೋ ಬೇಯಿಸಿ, ಅದಕ್ಕೇ ದಂಟಿನ ಸೊಪ್ಪು ಹಾಕಿ ಇನ್ನೊಂದು ಕುದಿ, ಕಟ್ಟು ಬಸಿದ್ರೆ ಅದು ಸಾರಿಗೆ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದ್ರೆ ಪಲ್ಯ. ಒಂದೇ ಗ್ಯಾಸಲ್ಲಿ ಎರಡು ಐಟಂ, ಸಾರು ಮಾರನೇ ದಿನಕ್ಕೆ ಇನ್ನೂ ರುಚಿ. ಆರು ತಿಂಗಳು ತುಂಬಿದ ಮಗು ಇದ್ರೆ ಡಬ್ಬಿ ಆಹಾರದ ಖರ್ಚು ರಾಗಿ ಸರಿಲಿ ಎಷ್ಟೋ ಕಡಿಮೆಯಾಗತ್ತೆ. ರಾಗಿ ಕಲ್ಲು ಆರಿಸಿ ನಾಲ್ಕೈದು ನೀರಲ್ಲಿ ತೊಳೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೇಲಿ ಕಟ್ಟಿಡಿ, ಒಂದು ಒಂದೂವರೆ ದಿನದಲ್ಲಿ ಸಣ್ಣ ಬಿಳಿ ಮೊಳಕೆ ಬರತ್ತೆ. ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಉರೀಲಿ ಘಮ್ ಅನ್ನೋವರೆಗೆ ಹುರಿದು, ಪುಡಿ ಮಾಡಿ, ತೆಳು ಪಂಚೆ ಬಟ್ಟೇಲಿ ವಸ್ತ್ರಗಾಳಿಸಿ. ಜರಡಿ ಹಿಡಿದ್ರೆ ಸಾಲಲ್ಲ, ಹೊಟ್ಟು ಉಳ್ಕೊಂಡು ಮಗುಗೆ ಹೊಟ್ಟೆ ನೋವು ಬರಬಹುದು. ಉಳಿದ ಹೊಟ್ಟು ದೊಡ್ಡೋರ ದೋಸೆ ಹಿಟ್ಟಿಗೆ ಹಾಕಿ. ಒಂದೇ ಸಲ ಜಾಸ್ತಿ ಮಾಡಿಟ್ರೆ ಮುಗ್ಗಲು ವಾಸನೆ ಬರತ್ತೆ, ಅರ್ಧ ಕೆಜಿ ಸಾಕು.

ಕರೆಂಟ್ ಬಿಲ್ಲಿಗೆ ಬಂದ್ರೆ, ಗೃಹಜ್ಯೋತಿ 200 ಯೂನಿಟ್ ಫ್ರೀ ಅಂತ ಎಲ್ರೂ ಅಂದ್ಕೊಂಡಿದಾರೆ, ಅದು ಅರ್ಧ ನಿಜ. ಆ ಮೀಟರಿನ 2022-23ರ ಸರಾಸರಿ ಬಳಕೆಗೆ 10% (ಸರಾಸರಿ 48ಕ್ಕಿಂತ ಕಮ್ಮಿ ಇದ್ರೆ 10 ಯೂನಿಟ್) ಸೇರಿಸಿದ್ರೆ ಎಷ್ಟಾಗತ್ತೋ ಅದು ನಿಮ್ಮ ಲಿಮಿಟ್. ಲಿಮಿಟ್ 110 ಇದ್ದು 130 ಸುಟ್ರೆ ಹೆಚ್ಚಿನ 20ಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್ಲು ನಿಮ್ದೇ. ಆದ್ರಿಂದ ಬಾಡಿಗೆ ಮನೆ ನೋಡುವಾಗ ಓನರ್ ಹತ್ರ ಹಳೇ ಬಿಲ್ಲು ಕೇಳಿ ಆ ಮೀಟರಿನ ಲಿಮಿಟ್ ಎಷ್ಟಿದೆ ನೋಡಿ, ಇದನ್ನ ಯಾರೂ ಮಾಡಲ್ಲ. ಮನೆ ಬಿಡುವಾಗ ಸೇವಾಸಿಂಧುವಿನಲ್ಲಿ ಹಳೇ ಮೀಟರಿಂದ ಆಧಾರ್ ಡಿಲಿಂಕ್ ಮಾಡಿ, ಇಲ್ದಿದ್ರೆ ಹೊಸ ಮನೇಲಿ ಅರ್ಜಿ ತಗೊಳ್ಳಲ್ಲ. ಮನೇಲಿ ಯೂನಿಟ್ ತಿನ್ನೋದು ಗೀಸರ್ರು: 2 ಕಿಲೋವ್ಯಾಟ್ ಗೀಸರ್ ದಿನಾ ಅರ್ಧ ಗಂಟೆ ಓಡಿದ್ರೆ ತಿಂಗಳಿಗೆ 30 ಯೂನಿಟ್. ಒಬ್ಬರಾದ್ಮೇಲೆ ಒಬ್ಬರು ಬೇಗಬೇಗ ಸ್ನಾನ ಮುಗ್ಸಿ, ಗಂಟೆಗೊಬ್ರು ಹೋದ್ರೆ ಅದೇ ನೀರು ಮತ್ತೆ ಮತ್ತೆ ಕಾಯತ್ತೆ.

ಮನೆ ಯಜಮಾನಿಗೆ ಗೃಹಲಕ್ಷ್ಮಿ 2,000 ಬರ್ತಾ ಇದ್ರೆ (ಅವರಾಗ್ಲಿ ಗಂಡ ಆಗ್ಲಿ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ಕಟ್ತಾ ಇರಬಾರ್ದು) ಅದನ್ನ ತಿಂಗಳ ಲೆಕ್ಕಕ್ಕೆ ತರಬೇಡಿ, ಕಂತು ತಡ ಆಗೋದುಂಟು, ಬಂದಾಗ ಆ ವರ್ಷದ ಖರ್ಚಿನ ಅಕೌಂಟಿಗೆ ಹೋಗ್ಲಿ. ಓಡಾಟಕ್ಕೆ ಹೆಂಗಸರಿಗೆ ಶಕ್ತಿ ಯೋಜನೆ ಇದ್ದೇ ಇದೆ, ಊರಿಗೆ ಹೋಗೋಕೆ ಸಾಮಾನ್ಯ ಕೆಂಪು ಬಸ್ಸು ಹತ್ತಿದ್ರೆ ಒಬ್ಬರ ಟಿಕೆಟ್ ಉಳೀತು.

ಮಗು ಲಸಿಕೆ ಬಗ್ಗೆ ಎಷ್ಟೋ ಜನಕ್ಕೆ ಸಂಕೋಚ. ಬಿಸಿಜಿ, ಪೋಲಿಯೋ, ಪೆಂಟಾವಲೆಂಟ್, ರೋಟಾ, ನ್ಯುಮೋನಿಯಾದ ಪಿಸಿವಿ, ಎಂಆರ್ ಎಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪೂರ್ತಿ ಫ್ರೀ, ಖಾಸಗಿ ಆಸ್ಪತ್ರೇಲಿ ಇದೇ ಲಸಿಕೆಗಳಿಗೆ ಸಾವಿರಗಟ್ಟಲೆ ಆಗತ್ತೆ. ಯಾವ ದಿನ ಹಾಕ್ತಾರೆ ಅಂತ ಏರಿಯಾದ ಆಶಾ ಕಾರ್ಯಕರ್ತೆ ಹತ್ರ ಕೇಳಿ, ತಾಯಿ ಕಾರ್ಡ್ ತಗೊಂಡು ಹೋಗಿ. ಸರ್ಕಾರಿ ಪಟ್ಟೀಲಿ ಇಲ್ಲದ ಒಂದೆರಡು ಲಸಿಕೆ ಡಾಕ್ಟ್ರು ಹೇಳಿದ್ರೆ ಅದಕ್ಕೆ ಮಾತ್ರ ಖಾಸಗಿ. ದಿನಾ ತಗೊಳ್ಳೋ ಬಿಪಿ ಶುಗರ್ ಮಾತ್ರೆ ಮನೇಲಿ ಯಾರಿಗಾದ್ರೂ ಇದ್ರೆ ಡಾಕ್ಟ್ರಿಗೆ ಹೇಳಿ ಜನೌಷಧಿ ಅಂಗಡಿಗೆ ಬದಲಾಯ್ಸಿ.

ಇನ್ಶೂರೆನ್ಸಿಗೆ ಕತ್ತರಿ ಹಾಕಿ ದುಡ್ಡು ಉಳ್ಸೋದು ಮಾತ್ರ ಬೇಡ್ವೇ ಬೇಡ. ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ, 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ ಎರಡಕ್ಕೂ ಫಾರಂ ತುಂಬಿ ಕೊಡಿ. ಮೊದಲನೇದು ಅಪಘಾತಕ್ಕೆ 2 ಲಕ್ಷದವರೆಗೆ, ಎರಡನೇದು ಯಾವ ಕಾರಣದ ಸಾವಿಗಾದ್ರೂ 2 ಲಕ್ಷ. ಮೇ ಕೊನೇಲಿ ದುಡ್ಡು ಕಟ್ ಆಗತ್ತೆ, ಅಕೌಂಟಲ್ಲಿ ಅಷ್ಟು ಇರೋ ಹಾಗೆ ನೋಡ್ಕೊಳ್ಳಿ. ಒಬ್ಬರ ಸಂಬಳದ ಮೇಲೆ ನಿಂತಿರೋ ಮನೆಗೆ 2 ಲಕ್ಷ ಏನೂ ಅಲ್ಲ, ಟರ್ಮ್ ಇನ್ಶೂರೆನ್ಸ್ (ದುಡಿಯೋರು ತೀರ್ಕೊಂಡ್ರೆ ಮನೆಯವರಿಗೆ ದೊಡ್ಡ ಮೊತ್ತ ಬರೋದು) ಬೇರೆ ಮಾಡ್ಲೇಬೇಕು. ಹೆಣ್ಣು ಮಗು ಇದ್ರೆ ಸುಕನ್ಯಾ ಸಮೃದ್ಧಿ ಉಳಿತಾಯ ಖಾತೆ ವರ್ಷಕ್ಕೆ 250ರಿಂದ ಶುರು ಮಾಡಬಹುದು, ಮಗುಗೆ ಹತ್ತು ತುಂಬೋದ್ರೊಳಗೆ ತೆರೀಬೇಕು.

ಇನ್ನು ಚೀಟಿ. ಪಕ್ಕದ ಬೀದಿ ಆಂಟಿ ಹತ್ರ ಹಾಕೋ ಚೀಟಿ ನಂಬಿಕೆ ಮೇಲೆ ನಡೆಯತ್ತೆ, ಓಡಿ ಹೋದ್ರೆ ಕೇಳೋಕೆ ಕೈಲಿ ಕಾಗದ ಇರಲ್ಲ. ಹಾಕ್ಲೇಬೇಕು ಅಂದ್ರೆ ರಿಜಿಸ್ಟರ್ ಆಗಿರೋದು ನೋಡಿ, ಸರ್ಕಾರದ ಎಂಎಸ್ಐಎಲ್ ಕೂಡ ಚೀಟಿ ನಡೆಸತ್ತೆ.

ಗಂಡನಿಗಷ್ಟು ಹೆಂಡ್ತಿಗಷ್ಟು ಅಂತ ತಿಂಗಳಿಗೆ ಸಮ ಸಮ ಸ್ವಲ್ಪ ದುಡ್ಡು ಎತ್ತಿಡಿ, ಐನೂರಾದ್ರೂ ಸರಿ, ಅದಕ್ಕೆ ಲೆಕ್ಕ ಕೇಳೋ ಹಾಗಿಲ್ಲ. ಸಾಸಿವೆ ಡಬ್ಬೀಲಿ ಇಡ್ತಾರೋ ದೋಸೆ ತಿಂತಾರೋ ಅವರಿಷ್ಟ. ಸಂಬಳ ತರದೇ ಇರೋರು ಹತ್ತು ರೂಪಾಯಿಗೂ ಕೈಚಾಚೋ ಹಾಗಾದ್ರೆ ಎಂಥ ಬಜೆಟ್ಟೂ ಮೂರು ತಿಂಗಳ ಮೇಲೆ ನಿಲ್ಲಲ್ಲ.

ಮತ್ತೆ, ಇಷ್ಟೆಲ್ಲ ಮಾಡಿ ಅಕೌಂಟಲ್ಲಿ ಚೂರು ದುಡ್ಡು ಕೂಡಿತು ಅನ್ನುವಾಗ ಕೈಸಾಲ ಕೇಳೋರು ಬರ್ತಾರೆ, ಹೆಂಗೆ ಗೊತ್ತಾಗತ್ತೋ ದೇವ್ರಿಗೇ ಗೊತ್ತು. ವಾಪಸ್ ಬರದಿದ್ರೂ ಪರವಾಗಿಲ್ಲ ಅನ್ನೋ ಅಷ್ಟು ಇದ್ರೆ ಕೊಡಿ, ಇಲ್ಲಾಂದ್ರೆ "ಎಲ್ಲಾ ಆರ್‌ಡಿಗೆ ಹಾಕ್ಬಿಟ್ಟಿದೀವಿ, ಮೇವರೆಗೆ ತೆಗೆಯೋ ಹಾಗಿಲ್ಲ" ಅನ್ನಿ. ಮಧ್ಯದಲ್ಲೂ ಮುರಿಸಬಹುದು, ಬಡ್ಡಿ ಸ್ವಲ್ಪ ಕಮ್ಮಿ ಬರತ್ತೆ ಅಷ್ಟೆ, ಅದನ್ನ ನೀವಾಗೇ ಹೇಳೋಕೆ ಹೋಗ್ಬೇಡಿ.